ಛಾಟಕ್ಕೆ ಬಿದ್ದ ಮ್ಯಾಕ್

ಹೋದ ಭಾನುವಾರ ನನ್ನ ಹಳೆಯ ಕಂಪ್ಯೂಟರಿನ ಕಪ್ಪು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಕಾರಣ ಸಣ್ಣದು. ಇನ್ನು ಮುಂದೆ ಬರುವ ಮ್ಯಾಕ್‌ಓಎಸ್, ಅಂದರೆ ಮ್ಯಾಕ್ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರು, ಇಂಟೆಲ್ ಪ್ರೊಸೆಸರಿನ ಯಂತ್ರಗಳ ಮೇಲೆ ಓಡುವುದಿಲ್ಲ ಎಂಬ ಸುದ್ದಿ ಓದಿದ್ದೆ. ಹಾಗಾದರೆ ನಾನು ಕೈಯಾರೆ ಜೋಡಿಸಿದ ಈ ಡಬ್ಬಿಯ ಆಯುಷ್ಯವೂ ತೀರಿದಂತೆ, ಒಳಗಿನ ಸಾಮಾನನ್ನಾದರೂ ತೆಗೆದು ಯಾರಿಗಾದರೂ ಕೊಡೋಣ ಅಂತ ಸ್ಕ್ರೂಡ್ರೈವರ್ ಹಿಡಿದು ಕೂತೆ. ತಗಡು ಸರಿದದ್ದೇ ತಡ, ತಂಬಾಕಿನ ಘಾಟು ಮೂಗಿಗೆ ಹೊಡೆಯಿತು. ಎರಡು ಸಲ ಸೀನಿದೆ. ಮೂರನೆಯ ಸೀನು ಬರುವ ಮೊದಲೇ ಸಿಟ್ಟು ಬಂತು.

ನಿಪ್ಪಾಣಿಯವರಿಗೆ ತಂಬಾಕಿನ ವಾಸನೆ ಹೊಸದೇನಲ್ಲ. ಊರ ತುಂಬ ತಂಬಾಕು ತುಂಬಿಡುವ ವಖಾರಿಗಳು, ಓಣಿ ತುಂಬ ಬೀಡಿ ಕಟ್ಟುವ ಹೆಂಗಸರು. ಹೆದ್ದಾರಿಯ ಬಸ್ಸಿನಲ್ಲಿ ನಿದ್ದೆ ಹೋದವರಿಗೂ ನಿಪ್ಪಾಣಿ ಬಂತು ಅಂತ ಮೂಗೇ ಹೇಳುತ್ತದೆ. ಆದರೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಈ ವಾಸನೆ ಒಂದೇ ಒಂದು ಮಳೆಗಾಲದ್ದು. ಇಷ್ಟು ವರ್ಷವಾದರೂ ಹೋಗಿಲ್ಲ. ನನ್ನ ಸಿಟ್ಟೂ ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಲಾಕ್‌ಡೌನ್ ಕಳೆದು ಮದುವೆಗಳು ಮತ್ತೆ ಜೋರಾಗಿ ನಡೆದ ವರ್ಷ ಅದು. ತಡೆದುಕೊಂಡವರೆಲ್ಲ ಒಂದೇ ಬೇಸಿಗೆಯಲ್ಲಿ ಅಕ್ಕಿಕಾಳು ಹಾಕಿ ಮುಗಿಸಿದರು. ಬೇಸಿಗೆಯಲ್ಲಿ ಮದುವೆ, ಮಳೆಗಾಲದಲ್ಲಿ ಅದರ ವಿಡಿಯೋ ಎಡಿಟಿಂಗ್. ಅದೇ ನನ್ನ ಕಸುಬು. ಮನೆಯೆಂದರೆ ಎರಡು ಖೋಲಿ. ಮುಂದಿನ ಖೋಲಿಯ ಒಂದು ಮೂಲೆ ನನ್ನದು, ಇನ್ನೊಂದು ಮೂಲೆ ಅವ್ವನದು. ಅವ್ವ ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದವಳು. ಇಬ್ಬರದೂ ಒಂದೇ ಕೆಲಸ ಅಂತ ಆಕೆಯ ವಾದ. “ನಾನೂ ಎಲಿ ಕತ್ತರಿಸಿ ಸುತ್ತತೀನಿ, ನೀನೂ ಫಿಲ್ಮ್ ಕತ್ತರಿಸಿ ಸುತ್ತತಿ. ನಿನಗ ಕುರ್ಚಿ ಐತಿ, ನನಗ ಇಲ್ಲ, ಅಷ್ಟ ಫರಕ.”

ನನಗೆ ಕೆಲಸ ಕೊಡುತ್ತಿದ್ದವನು ಚಿಕ್ಕೋಡಿಯ ಒಂದು ಸ್ಟುಡಿಯೋದ ಮಾಲೀಕ. ಹೆಸರು ಪ್ರಕಾಶ ಅಂದುಕೊಳ್ಳಿ. ಖರೆ ಹೆಸರು ಬರೆದು ಅವನನ್ನು ದೊಡ್ಡವನನ್ನಾಗಿ ಮಾಡುವ ಇಚ್ಛೆ ನನಗಿಲ್ಲ. ಕಾಗವಾಡದಿಂದ ರಾಯಬಾಗದವರೆಗೆ ಅವನ ಕ್ಯಾಮರಾಗಳು ಓಡಾಡುತ್ತಿದ್ದವು. ಮದುವೆಗಳನ್ನು ತುಂಬಿದ ಹಾರ್ಡ್ ಡಿಸ್ಕ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೆ ಬರುತ್ತಿತ್ತು, ಮುಗಿದ ಫಿಲ್ಮ್ ಅದೇ ಬಸ್ಸಿನಲ್ಲಿ ವಾಪಸ್ ಹೋಗುತ್ತಿತ್ತು. ಆ ಮೇ ತಿಂಗಳಲ್ಲಿ ಅವನೊಂದು ಮ್ಯಾಕ್ ಕೊಂಡ. ಕೊಂಡ ಮರುದಿನವೇ ಫೋನು.

“ವಿದ್ಯಾ, ಈ ಸೀಜನ್‌ದಿಂದ ನಮ್ಮಲ್ಲಿ ಎಲ್ಲಾ ಮ್ಯಾಕ್. ನೀ ವಿಂಡೋಸ್‌ದಾಗ ಮಾಡಿದ್ದು ಇಲ್ಲಿ ತೆರಿಯಂಗಿಲ್ಲ. ನಿನ್ನ ಕಡೆ ಮ್ಯಾಕ್ ಇದ್ರ ಕೆಲಸ ಐತಿ, ಇಲ್ಲಂದ್ರ ಇಲ್ಲ ನೋಡವಾ.”

“ಮ್ಯಾಕ್‌ನಾಗ ಮಾಡಿ ಕೊಡ್ತೀನ್ರಿ ಅಣ್ಣಾರ,” ಅಂದೆ.

ಮ್ಯಾಕ್ ಇದೆ ಅಂತ ನಾನು ಹೇಳಲಿಲ್ಲ. ಮ್ಯಾಕ್‌ನಲ್ಲಿ ಮಾಡಿ ಕೊಡುತ್ತೇನೆ ಅಂದೆ. ಅದು ಸುಳ್ಳೇ ಅಂತ ಯಾರಾದರೂ ಕೇಳಿದರೆ ಇವತ್ತಿಗೂ ನಾನು ಜಗಳಕ್ಕೆ ಸಿದ್ಧ. ಆ ಕೆಲಸ ಕೈತಪ್ಪಿದರೆ ನಾನು ಮತ್ತೆ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತ ನಿಲ್ಲಬೇಕಿತ್ತು. ನಾಲ್ಕು ವರ್ಷ ನಿಂತು ಬಂದವಳು ನಾನು. ಮತ್ತೆ ನಿಲ್ಲುವ ಮಾತೇ ಇರಲಿಲ್ಲ. ಅಸಲಿ ಮ್ಯಾಕ್ ಕೊಳ್ಳುವುದಂತೂ ನಮ್ಮ ಎರಡು ಖೋಲಿ ಮಾರಿದರಷ್ಟೇ ಆದೀತು.

ಕುಡಚಿಗೆ ಹೋದೆ. ಅಲ್ಲಿ ರೈಲು ಸ್ಟೇಶನ್ನಿನ ಹತ್ತಿರ ಇರ್ಫಾನ್ ಭಾಯ್ ಎಂಬುವರ ಕಂಪ್ಯೂಟರ್ ರಿಪೇರಿ ಅಂಗಡಿ. ನನ್ನ ಹಳೆಯ ಯಂತ್ರವೂ ಅಲ್ಲಿಯದೇ. ಮಾಮೂಲಿ ಸಾಮಾನು ಜೋಡಿಸಿ ಅದರ ಮೇಲೆ ಮ್ಯಾಕ್‌ಓಎಸ್ ಓಡಿಸುತ್ತಾರಂತಲ್ಲ, ಖರೆಯೇ ಅಂತ ಕೇಳಿದೆ. ಅವರು ನಕ್ಕರು.

“ಯಾಕ ಆಗಂಗಿಲ್ಲ ವಿದ್ಯಾಕ್ಕ? ಅವರ ಪೆಟ್ಟಗಿ ಒಳಗೂ ಇಂಟೆಲ್, ನಮ್ಮ ಪೆಟ್ಟಗಿ ಒಳಗೂ ಇಂಟೆಲ್. ಭಾಂಡೆ ಬ್ಯಾರೆ, ಬಿರಿಯಾನಿ ಒಂದ. ಆದ್ರ ಸಾಮಾನ ನೋಡಿ ತರಬೇಕ್ರಿ. ಕಂಡದ್ದೆಲ್ಲಾ ಅದು ಒಪ್ಪಂಗಿಲ್ಲ.”

ಒಪ್ಪುವುದಿಲ್ಲ ಅಂದರೆ ಎಂಥದು! ಬೀಗರ ಮನೆಯವರ ಹಾಗೆ ಕುಲಗೋತ್ರ ಕೇಳುತ್ತದೆ. ಮದರ್‌ಬೋರ್ಡು ಇಂಥದೇ ಬೇಕು, ಗ್ರಾಫಿಕ್ಸ್ ಕಾರ್ಡು ಇಂಥ ಮನೆತನದ್ದೇ ಬೇಕು, ನನ್ನ ಹತ್ತಿರ ಇದ್ದ ವೈಫೈ ಕಾರ್ಡಿನ ಮುಖ ಕೂಡ ನೋಡುವುದಿಲ್ಲ. ಇರ್ಫಾನ್ ಭಾಯ್ ಯಾವುದೋ ಆಫೀಸಿನಿಂದ ಹೊರಬಿದ್ದ ಪ್ರೊಸೆಸರು, ಮೀರಜದಲ್ಲಿ ಯಾರೋ ಗೇಮ್ ಆಡಿ ಬಿಟ್ಟ ಕಾರ್ಡು, ನಾಲ್ಕರಲ್ಲಿ ಒಂದು ಸ್ಕ್ರೂ ಇಲ್ಲದ ಕಪ್ಪು ಕ್ಯಾಬಿನೆಟ್ಟು ಹುಡುಕಿ ಕೊಟ್ಟರು. ಜೋಡಿಸುವುದನ್ನು ನಾನೇ ಮಾಡುತ್ತೇನೆ ಅಂದೆ. ಬೇರೆಯವರು ಜೋಡಿಸಿದ್ದು ಕೆಟ್ಟರೆ ಬೇರೆಯವರ ಮನೆಗೇ ಓಡಬೇಕು, ಆ ತಂಟೆ ಬೇಡ.

ಜೂನ್ ಶುರುವಿಗೆ ಮಿರಗದ ಮಳೆ ಹಿಡಿದ ದಿನ ಜೋಡಿಸಲು ಕೂತೆ. ಇಂಟರ್‌ನೆಟ್ಟಿನಲ್ಲಿ ವಿಡಿಯೋಗಳಿದ್ದವು. ಎಲ್ಲರದೂ ಒಂದೇ ಪಲ್ಲವಿ: ಹತ್ತೇ ನಿಮಿಷ, ಬಹಳ ಸುಲಭ. ನನಗೆ ಹನ್ನೊಂದು ದಿನ ಹಿಡಿಯಿತು. ಆ ಹತ್ತು ನಿಮಿಷದವರ ಮನೆಯಲ್ಲಿ ಕರೆಂಟು ಹೋಗುವುದಿಲ್ಲ, ಮಾಳಿಗೆ ಸೋರುವುದಿಲ್ಲ. ಎಲ್ಲಕ್ಕಿಂತ ಉರಿ ಎದ್ದದ್ದು ಯಾವಾಗ ಗೊತ್ತೇ? ಒಬ್ಬ ಪುಣ್ಯಾತ್ಮ ಅರ್ಧ ದಾರಿಗೆ ಕರೆತಂದು ‘ಈಗ ಈ ಫೈಲನ್ನು ನಿಮ್ಮ ಮ್ಯಾಕ್‌ನಲ್ಲಿ ತೆರೆಯಿರಿ’ ಅಂದ. ಅಲ್ಲಯ್ಯಾ, ಮ್ಯಾಕ್ ಇದ್ದಿದ್ದರೆ ನಾನು ನಿನ್ನ ಬಾಗಿಲಿಗೆ ಯಾಕೆ ಬರುತ್ತಿದ್ದೆ?

ಮೊದಲು ಪೆನ್‌ಡ್ರೈವಿನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಇಡಬೇಕು. ಈ ಯಂತ್ರ ನಿನ್ನದೇ ಬಳಗದ್ದು ಅಂತ ಮ್ಯಾಕ್‌ಓಎಸ್‌ಗೆ ನಂಬಿಸುವುದು ಅದರ ಕೆಲಸ. ಅದಕ್ಕೊಂದು ಪಟ್ಟಿ, ಪಟ್ಟಿಯಲ್ಲಿ ನೂರಾರು ಸಾಲು. ಪ್ರತಿ ಸಾಲಿಗೂ ಹೌದು ಅಥವಾ ಅಲ್ಲ ಅಂತ ಉತ್ತರ. ಒಂದು ತಪ್ಪಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸರಸರ ಏರಿ ಒಂದು ಕಡೆ ನಿಂತುಬಿಡುತ್ತದೆ. ಯಾಕೆ ನಿಂತಿತು ಅಂತ ಹೇಳುವುದಿಲ್ಲ. ಆ ಸಾಲಿನ ಫೋಟೋ ತೆಗೆದು ಇರ್ಫಾನ್ ಭಾಯ್‌ಗೆ ಕಳಿಸುವುದು, ಅವರು ಯಾವುದೋ ದೇಶದವನನ್ನು ಕೇಳಿ ಉತ್ತರ ಕಳಿಸುವುದು, ಒಂದು ಹೌದನ್ನು ಅಲ್ಲ ಮಾಡಿ ಮತ್ತೆ ಶುರು ಮಾಡುವುದು. ಹೀಗೆ ಹತ್ತು ದಿನ. ಅವ್ವ ತಲೆ ಎತ್ತದೆ ಬೀಡಿ ಸುತ್ತುತ್ತ, “ಇನ್ನೂ ಎದ್ದಿಲ್ಲೇನ ನಿನ್ನ ಕುಂಭಕರ್ಣ?” ಅನ್ನುತ್ತಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಎದ್ದಿತು. ಬಿಳಿ ಅಕ್ಷರಗಳು ಎಲ್ಲೂ ನಿಲ್ಲದೆ ಓಡಿಹೋದವು, ಪರದೆ ಬೆಳಗಾಯಿತು, ಮೇಲೆ ಮ್ಯಾಕ್‌ನ ಮೆನು ಪಟ್ಟಿ, ಕೆಳಗೆ ಅದರ ಸಣ್ಣ ಚಿತ್ರಗಳ ಸಾಲು. ನಾನು ಚೀರಿದೆ. ಅವ್ವ ಬಂದು ನೋಡಿ, “ಇಷ್ಟಕ್ಕ ಹನ್ನೊಂದು ದಿನ ಹೊಟ್ಟಿಗೆ ಸರಿಯಾಗಿ ತಿನ್ನಲಿಲ್ಲ ನೀನು?” ಅಂದಳು. ಆದರೂ ಹೋಗುವಾಗ ಕ್ಯಾಬಿನೆಟ್ಟಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

ಮ್ಯಾಕ್ ಮಾಡುವ ಕಂಪನಿಯ ನಿಯಮದ ಪ್ರಕಾರ ಅವರ ಪೆಟ್ಟಿಗೆ ಬಿಟ್ಟು ಬೇರೆಡೆ ಮ್ಯಾಕ್‌ಓಎಸ್ ಹಾಕುವಂತಿಲ್ಲ. ನನಗೆ ಗೊತ್ತಿತ್ತು. ಆ ತಪ್ಪು ನನ್ನದೇ, ಯಾರ ಮೇಲೂ ಹೊರಿಸುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರನ್ನು ಮಾತ್ರ ದುಡ್ಡು ಕೊಟ್ಟೇ ತೆಗೆದುಕೊಂಡೆ. ಉಪದೇಶ ಮಾಡುವವರಿಗೆ ಇಷ್ಟು ಸಾಕು.

ಯಂತ್ರಕ್ಕೆ ಒಂದೇ ಒಂದು ಚಟ. ಸ್ಲೀಪ್‌ಗೆ ಹಾಕಿ ಮಲಗಿಸಿದರೆ ಏಳುತ್ತಿರಲಿಲ್ಲ. ಹಾಗಾಗಿ ಮಲಗಿಸುವುದನ್ನೇ ಬಿಟ್ಟೆ. ಕರೆಂಟಿದ್ದಷ್ಟು ಹೊತ್ತೂ ಅದು ಓಡುತ್ತಿತ್ತು, ಮೇಲಿನ ಫ್ಯಾನಿನಿಂದ ಬೆಚ್ಚನೆಯ ಗಾಳಿ ಊದುತ್ತಿತ್ತು.

ಮೊದಲು ಕೈಗೆತ್ತಿಕೊಂಡದ್ದು ಕಾಗವಾಡದ ಒಂದು ಮದುವೆ. ಮದುಮಗಳಿಗೆ ಅರಿಶಿಣ ಹಚ್ಚುವಾಗ ಕರೆಂಟು ಹೋಗಿದೆ. ಕ್ಯಾಮರಾ ಮಾತ್ರ ಓಡುತ್ತಿತ್ತು. ಚಿತ್ರ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಹುಡುಗಿಯ ಅಜ್ಜಿ ಹಾಡು ಹಿಡಿದಿದ್ದಾಳೆ. ಅರ್ಧ ಕನ್ನಡ, ಅರ್ಧ ಮರಾಠಿ, ನಡುವೆ ಒಮ್ಮೆ ಉಸಿರು ಸಾಲದೆ ನಿಂತು ಮತ್ತೆ ಎತ್ತಿಕೊಳ್ಳುತ್ತಾಳೆ. ಕ್ಯಾಮರಾದವರು ಆ ತುಣುಕಿನ ಮೇಲೆ ‘ವೇಸ್ಟ್’ ಅಂತ ಬರೆದಿಟ್ಟಿದ್ದರು. ನಾನು ಆ ಹಾಡನ್ನು ತೆಗೆದು ಹೆಣ್ಣು ಒಪ್ಪಿಸುವ ಚಿತ್ರಗಳ ಕೆಳಗೆ ಹಾಸಿದೆ. ಉಸಿರು ನಿಲ್ಲುವ ಜಾಗಕ್ಕೆ ಹುಡುಗಿ ಅಪ್ಪನ ಕೈ ಬಿಡುವ ಚಿತ್ರ ಬಂತು. ಆ ಜಾಗ ಸರಿಹೊಂದಿಸಲು ಎರಡು ದಿನ ತೆಗೆದುಕೊಂಡೆ. ಅವ್ವ ಬೀಡಿ ಬಿಟ್ಟು ಬಂದು ನಿಂತು ನೋಡಿದ್ದು ಆ ಒಂದು ಫಿಲ್ಮ್ ಮಾತ್ರ.

ಎಡಿಟ್ ಮುಗಿದ ಫಿಲ್ಮನ್ನು ಒಂದೇ ಫೈಲಾಗಿ ಹೊರತೆಗೆಯಲು ಹೋದರೆ ಯಂತ್ರ ನಡುವೆ ಧಪ್ ಅಂತ ಬಂದ್ ಆಗುತ್ತಿತ್ತು. ಮೂರು ಸಲ ಹಾಗಾಯಿತು. ಸಾಫ್ಟ್‌ವೇರಿನ ತಪ್ಪು ಅಂದುಕೊಂಡು ಆ ನೂರಾರು ಸಾಲಿನ ಪಟ್ಟಿಯನ್ನು ಮತ್ತೆ ಓದಿದೆ. ನಾಲ್ಕನೆಯ ಸಲ ನೀರು ಕುಡಿಯಲು ಎದ್ದವಳು ತಿರುಗಿ ನೋಡಿದರೆ ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಮೊರ! ಮೊರದ ತುಂಬ ಬೀಡಿ! ಫ್ಯಾನಿನ ಬಾಯಿ ಪೂರ್ತಿ ಮುಚ್ಚಿತ್ತು. ಬಿಚ್ಚಿದರೆ ಒಳಗೆಲ್ಲ ತಂಬಾಕಿನ ಹುಡಿ.

“ಅವ್ವಾ, ಇದು ಒಲಿ ಅಲ್ಲ ಬೇ!”

“ಒಲಿ ಅಲ್ಲಂದ್ರ ಬಿಸಿ ಯಾಕ ಆಗತೈತಿ? ದಿನಾ ಬೆಚ್ಚನ ಗಾಳಿ ಸುಮ್ಮನ ಊದ್ಕೊಂತ ಕುಂತಿರತೈತಿ. ಮಳಿಗಾಲದಾಗ ಹಸಿ ಬೀಡಿ ಒಯ್ದ್ರ ಮುಕಾದಮ ಛಾಟ ತಗೀತಾನ, ಗೊತ್ತೈತಿಲ್ಲ?”

ಛಾಟ ಅಂದರೆ ಇಷ್ಟೇ. ಕಟ್ಟಿದ ಬೀಡಿ ಒಯ್ದಾಗ ಕಾರಖಾನೆಯ ಮುಕಾದಮ ಕೈಯಾಡಿಸಿ, ಇದು ಹಸಿ, ಇದು ಸಡಿಲು, ಇದು ಗಿಡ್ಡ ಅಂತ ಒಂದಿಷ್ಟನ್ನು ಪಕ್ಕಕ್ಕೆ ತೆಗೆಯುತ್ತಾನೆ. ತೆಗೆದದ್ದಕ್ಕೆ ಕೂಲಿ ಇಲ್ಲ, ತೆಗೆದದ್ದು ವಾಪಸ್ಸೂ ಇಲ್ಲ. ಅದು ಅಲ್ಲೇ ಉಳಿಯುತ್ತದೆ. ಮೂವತ್ತು ವರ್ಷ ಅವ್ವನ ಬೀಡಿ ಹಾಗೆ ಉಳಿದಿದೆ. ಕೊನೆಗೆ ಯಂತ್ರದ ಹಿಂದಿನ ಫ್ಯಾನಿನ ಎದುರು ಒಂದು ಸ್ಟೂಲು ಇಟ್ಟು, ಮೊರ ಅದರ ಮೇಲೆ, ನೆತ್ತಿಯ ಮೇಲಲ್ಲ ಅಂತ ಒಪ್ಪಂದ ಮಾಡಿಕೊಂಡೆವು. ನಾನು ಮನೆಯಲ್ಲಿ ಇಲ್ಲದಾಗ ಒಪ್ಪಂದ ಮುರಿಯುತ್ತಿತ್ತು, ಅದು ಬೇರೆ ಮಾತು. ಆದರೂ ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ನಾಲ್ಕು ಫಿಲ್ಮ್ ಚಿಕ್ಕೋಡಿಗೆ ಹೋದವು. ಎಲ್ಲವೂ ಪ್ರಕಾಶನ ಮ್ಯಾಕ್‌ನಲ್ಲಿ ತೆರೆದವು. ತಕರಾರಿನ ಒಂದು ಸೊಲ್ಲೂ ಬರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಕೊಲ್ಹಾಪುರಕ್ಕೆ ಹೊರಟ ಪ್ರಕಾಶ ನಮ್ಮ ಓಣಿಯ ಬಾಯಿಗೆ ಕಾರು ನಿಲ್ಲಿಸಿ ಮನೆಗೆ ಬಂದ. ಯಾವುದೋ ಚಿತ್ರ ಬದಲಿಸಬೇಕಿತ್ತಂತೆ. ನಾನು ಕಿರಾಣಿ ಅಂಗಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅವನು ಖೋಲಿಯ ನಡುವೆ ನಿಂತು ಕ್ಯಾಬಿನೆಟ್ಟನ್ನೇ ನೋಡುತ್ತಿದ್ದ. ನೆತ್ತಿಯ ಮೇಲೆ ಮೊರ.

“ಇದೇನ ನಿನ್ನ ಮ್ಯಾಕ್?” ಅಂದ. “ಮ್ಯಾಕ್ ಮ್ಯಾಲ ಬೀಡಿ ಒಣಗಸ್ತೀರೇನ್ರಿ ನಿಪ್ಪಾಣ್ಯಾಗ?”

ಅಷ್ಟು ನಕ್ಕ, ಅಷ್ಟು ನಕ್ಕ, ಕಣ್ಣಲ್ಲಿ ನೀರು ಬಂತು ಅವನಿಗೆ. ಅವ್ವ ಮೊರ ತೆಗೆದು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಸರಿದಳು. ಅವಳು ಹಾಗೆ ಸರಿದದ್ದು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಎರಡು ದಿನಕ್ಕೆ ಫೋನು ಬಂತು.

“ನಾಕೂ ಫಿಲ್ಮ್ ಉಪಯೋಗ ಇಲ್ಲ ವಿದ್ಯಾ. ಕಲರ್ ಎಲ್ಲಾ ಕೆಟ್ಟೈತಿ. ನಕಲಿ ಮಶೀನ್‌ದಾಗ ಮಾಡಿದ್ರ ಮತ್ತೇನ ಆಗತೈತಿ? ಎಲ್ಲಾ ಹೊಸದಾಗಿ ಮಾಡಸ್ಬೇಕು. ಇನ್ನ ಮ್ಯಾಲ ನಿನಗ ಕೆಲಸ ಕಳಸಂಗಿಲ್ಲ.”

“ಹಂಗಾರ ನನ್ನ ಫಿಲ್ಮ್ ವಾಪಸ್ ಕಳಸ್ರಿ.”

“ಇರ್ಲಿ ಬಿಡು ಇಲ್ಲೇ,” ಅಂದ.

ಮೂರು ವಾರ ಅದೇ ಬಣ್ಣ ಇಷ್ಟವಾಗಿತ್ತು ಅವನಿಗೆ! ಮೊರ ಕಂಡ ಮೇಲೆ ಕೆಟ್ಟುಹೋಯಿತು. ನಾನು ಅವ್ವನ ಮೇಲೆ ರೇಗಿದೆ. ನಿನ್ನ ಬೀಡಿಯಿಂದ ನನ್ನ ಕೆಲಸ ಹೋಯಿತು ಅಂದೆ. ಅವ್ವ ಅವತ್ತೇ ಮೊರವನ್ನು ಒಳಗಿನ ಖೋಲಿಗೆ ಒಯ್ದಳು. ಆ ಮಾತು ಅಂದದ್ದಕ್ಕೆ ನನ್ನ ಮೇಲೆ ನನಗಿರುವ ಸಿಟ್ಟು ಪ್ರಕಾಶನ ಮೇಲಿರುವುದಕ್ಕಿಂತ ಕಡಿಮೆಯದಲ್ಲ.

ಶ್ರಾವಣ ಬಂತು. ಝೆರಾಕ್ಸ್ ಅಂಗಡಿಯವರಿಗೆ ಸೋಮವಾರದಿಂದ ಬರುತ್ತೇನೆ ಅಂತ ಹೇಳಿಯೂ ಆಗಿತ್ತು. ಆಗ ಇರ್ಫಾನ್ ಭಾಯ್ ಫೋನ್ ಮಾಡಿದರು.

“ವಿದ್ಯಾಕ್ಕ, ನೀವು ನನಗ ಫೋನ್‌ನಾಗ ಕೇಳಿಸಿದ್ರೆಲಾ ಅಜ್ಜಿ ಹಾಡು? ನಮ್ಮ ಕಾಗವಾಡದ ಗಿರಾಕಿ ಸ್ಟೇಟಸ್‌ದಾಗ ಹಾಕ್ಯಾರ. ಭಾಳ ಛಲೋ ಬಂದೈತ್ರಿ!”

ಹುಡುಕಿದೆ. ಪ್ರಕಾಶನ ಸ್ಟುಡಿಯೋದ ಪೇಜಿನಲ್ಲೇ ಇತ್ತು. ಮೇಲೆ ಅವನ ಸ್ಟುಡಿಯೋದ ಹೆಸರು, ಕೆಳಗೆ ಸಾಲುಸಾಲು ಹೊಗಳಿಕೆ. ನನ್ನ ಫಿಲ್ಮನ್ನು ಪಕ್ಕದಲ್ಲಿಟ್ಟು ನೋಡಿದೆ. ಒಂದು ಚಿತ್ರ ಬದಲಾಗಿರಲಿಲ್ಲ. ಆ ಕೆಟ್ಟ ಬಣ್ಣವೂ ಇದ್ದಲ್ಲೇ ಇತ್ತು. ಅಜ್ಜಿಯ ಉಸಿರು ನಿಂತ ಕಡೆಯೇ ಹುಡುಗಿ ಅಪ್ಪನ ಕೈ ಬಿಡುತ್ತಿದ್ದಳು.

ಅವ್ವನಿಗೆ ತೋರಿಸಿದೆ. ಅವಳ ಕೈ ಅರ್ಧ ಸುತ್ತಿದ ಬೀಡಿಯ ಮೇಲೆ ನಿಂತಿತು.

“ನಿನಗ ಛಾಟ ತಗದಾನ,” ಅಂದಳು. “ಛಾಟದ ಬೀಡಿ ಯಾರೂ ತಿಪ್ಪಿಗೆ ಚೆಲ್ಲಿದ್ದು ನಾ ನೋಡಿಲ್ಲವ್ವಾ. ಕೆಟ್ಟಿದ್ರ ಮುರದ ಒಗೀಬೇಕಿಲ್ಲ? ನಮ್ಮ ಓಣ್ಯಾಗ ತಾರಾಬಾಯಿ ಅಂತ ಇದ್ಲು. ಆಕಿ ಒಮ್ಮೆ ಮುಕಾದಮನ ಮುಂದ ಕುಂತು, ಕೆಟ್ಟೈತಿ ಅಂತೀರಿ, ಹಂಗಾರ ನನ್ನ ಕಣ್ಣ ಮುಂದ ಮುರೀರಿ ಅಂದ್ಲು. ಅಂವಾ ಮುರೀಲಿಲ್ಲ. ತಿರಗಿ ಆಕಿ ಬುಟ್ಟ್ಯಾಗ ಹಾಕಿದಾ.”

“ನೀ ಎಂದರ ಅಂದೀಯೇನ ಹಂಗ?”

ಅವ್ವ ಆ ಅರ್ಧ ಬೀಡಿಯನ್ನು ಸುತ್ತಿ ಮುಗಿಸಿ ಮೊರಕ್ಕೆ ಹಾಕಿದಳು. “ನಾಳಿ ಚಿಕ್ಕೋಡಿಗೆ ನಾನೂ ಬರ್ತೀನಿ,” ಅಂದಳು.

ಮರುದಿನ ಜಿಟಿಜಿಟಿ ಮಳೆಯಲ್ಲಿ ಬಸ್ಸಿಳಿದು ಹೋದೆವು. ಗಾಜಿನ ಬಾಗಿಲು, ಒಳಗೆ ತಂಪು, ಎದುರು ಮೇಜಿನ ಮೇಲೆ ಅವನ ಅಸಲಿ ಮ್ಯಾಕ್. ಅದರ ಹತ್ತಿರ ಒಂದು ಊದಿನಕಡ್ಡಿ. ರಾಯಬಾಗದ ಒಬ್ಬ ದೊಡ್ಡಮ್ಮ ತನ್ನವರೊಂದಿಗೆ ಕೂತು ಮಗಳ ಮದುವೆಗೆ ಆಲ್ಬಮ್ ನೋಡುತ್ತಿದ್ದರು. ನಾನು ಕೂರಲಿಲ್ಲ.

“ಅಣ್ಣಾರ, ಕಾಗವಾಡದ ಫಿಲ್ಮ್ ಕೆಟ್ಟೈತಿ ಅಂದ್ರೆಲಾ?”

“ಹೌದಲಾ. ಅದನ್ನ ಹೇಳಿದ್ನಿ.”

“ಹಂಗಾರ ಅಳಸ್ರಿ. ನನ್ನ ಮುಂದ ಅಳಸ್ರಿ. ಪೇಜಿನ ಮ್ಯಾಲಿಂದೂ ಅಳಸ್ರಿ, ಡಿಸ್ಕ್‌ನಾಗಿಂದೂ ಅಳಸ್ರಿ.”

ಅವನ ಮುಖದ ಬಣ್ಣ ಮಾತ್ರ ಖರೆಯಾಗಿ ಕೆಟ್ಟಿತು. “ಗಿರಾಕಿ ಮುಂದ ಇವೆಲ್ಲಾ ಯಾಕ? ನಾಳಿ ಫೋನ್‌ನಾಗ ಮಾತಾಡೂನು,” ಅಂದ.

ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ನನ್ನ ಮನೆಯಲ್ಲಿ ಇವನೆದುರು ಗೋಡೆಗೆ ಸರಿದವಳು. “ಅಳಸ್ರಿ ಸಾಹೇಬ್ರ. ಕೆಟ್ಟದ್ದು ಇಟ್ಕೊಂಡ ಏನ ಮಾಡ್ತೀರಿ?”

ಅವನು ಮೌಸ್ ಹಿಡಿದ. ನನಗೆ ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಒಮ್ಮೆ ಒತ್ತಿದರೆ ಮುಗಿಯಿತು. ನನ್ನ ಹತ್ತಿರ ಪ್ರತಿ ಇತ್ತು, ನಿಜ. ಆದರೆ ಅವನು ಒತ್ತಿಬಿಟ್ಟಿದ್ದರೆ ನನ್ನ ಕೆಲಸ ಕೆಟ್ಟದ್ದೇ ಅಂತ ಆ ಖೋಲಿಯಲ್ಲಿ ತೀರ್ಪಾಗಿಬಿಡುತ್ತಿತ್ತು. ಬಾಣದ ಗುರುತು ಫೈಲಿನ ಮೇಲೆ ಬಂದು ನಿಂತಿತು. ಅಲ್ಲೇ ನಿಂತಿತು. ರಾಯಬಾಗದ ದೊಡ್ಡಮ್ಮ ಕೊರಳು ಚಾಚಿ, “ಅಯ್ಯ, ಆ ಅಜ್ಜಿ ಹಾಡಿಂದೇನ್ರಿ ಅದು? ಅದನ್ನ ನೋಡಿನ ನಾವು ಇಲ್ಲಿಗಿ ಬಂದೀವಿ. ಅಳಸಬ್ಯಾಡ್ರಿ,” ಅಂದರು.

ಅವನು ಮೌಸ್ ಬಿಟ್ಟ.

“ಅಂದ್ರ ಛಾಟ ಅಲ್ಲದು,” ಅಂದಳು ಅವ್ವ. “ಮಾಡಿದಾಕಿ ಹೆಸರ ಬರೀರಿ.”

ಒಂದೇ ಬೆರಳಲ್ಲಿ ಅವನು ಫಿಲ್ಮಿನ ಕೆಳಗೆ ‘ಎಡಿಟಿಂಗ್: ವಿದ್ಯಾ, ನಿಪ್ಪಾಣಿ’ ಅಂತ ಟೈಪ್ ಮಾಡಿದ. ಅವ್ವನಿಗೆ ಓದಲು ಬರುವುದಿಲ್ಲ. ನನ್ನ ಮಾತನ್ನೂ ನಂಬದೆ ಆ ದೊಡ್ಡಮ್ಮನ ಕಡೆ ತಿರುಗಿ, “ಬರದಾರೇನ್ರಿ ಅಕ್ಕಾರ?” ಅಂತ ಕೇಳಿದಳು. “ಬರದಾರವ್ವಾ,” ಅಂದ ಮೇಲೆಯೇ ಛತ್ರಿ ಕೈಗೆತ್ತಿಕೊಂಡಳು.

ಪ್ರಕಾಶನ ಕೆಲಸ ಮತ್ತೆ ಬರಲಿಲ್ಲ. ಬರಲಿ ಅಂತ ನಾನು ಕಾಯಲೂ ಇಲ್ಲ. ಆ ಹೆಸರು ನೋಡಿ ಅಥಣಿಯವರು ಕೇಳಿದರು, ರಾಯಬಾಗದವರು ಕೇಳಿದರು. ಝೆರಾಕ್ಸ್ ಅಂಗಡಿಗೆ ಹೋಗುವುದು ತಪ್ಪಿತು. ಈಗ ನನ್ನ ಮೇಜಿನ ಮೇಲೂ ಕಂಪನಿಯ ಪೆಟ್ಟಿಗೆಯೇ ಇದೆ. ಅದೇ ಕೈ, ಅದೇ ಕಣ್ಣು, ಬಣ್ಣ ಕೆಟ್ಟಿದೆ ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ.

ಚಿಕ್ಕೋಡಿಗೆ ಹೋಗಿಬಂದ ತಿಂಗಳಲ್ಲೇ ಒಂದು ದಿನ ಅವ್ವ ಕಾರಖಾನೆಗೆ ಬೀಡಿ ಒಯ್ದವಳು ಎಂದಿನ ಹೊತ್ತಿಗೆ ಬರಲಿಲ್ಲ. ತಡವಾಗಿ ಬಂದಳು. ಬುಟ್ಟಿ ಖಾಲಿ ಇರಲಿಲ್ಲ. ತಳದಲ್ಲಿ ಒಂದು ಸಣ್ಣ ಅರಿವೆಯ ಗಂಟು.

“ಏನವ್ವಾ ಅದು?”

“ಛಾಟ.”

“ಏನಂದಿ ಅವಗ?”

“ನನ್ನ ಮುಂದ ಮುರೀರಿ ಅಂದ್ನಿ.”

“ಮುರದ್ನೇನ?”

“ಮುರದಿದ್ರ ಇವು ಮನಿಗೆ ಹೆಂಗ ಬರತಿದ್ದು?”

ಮೂವತ್ತು ವರ್ಷದಲ್ಲಿ ಛಾಟದ ಬೀಡಿ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದು ಅದೇ ಮೊದಲು. ಅವ್ವ ಗಂಟನ್ನು ಒಯ್ದು ಸೀದಾ ಕ್ಯಾಬಿನೆಟ್ಟಿನ ನೆತ್ತಿಯ ಮೇಲಿಟ್ಟಳು, ಫ್ಯಾನಿನ ಬಾಯಿಗೆ ಸರಿಯಾಗಿ. ಒಳಗೆ ಅಥಣಿಯ ಒಂದು ಮದುವೆ ಹೊರಬರುತ್ತಿತ್ತು, ಇನ್ನು ಸ್ವಲ್ಪವೇ ಉಳಿದಿತ್ತು. ನಾನು ಗಂಟು ಮುಟ್ಟಲಿಲ್ಲ. ಫಿಲ್ಮನ್ನೇ ನಿಲ್ಲಿಸಿ ಯಂತ್ರ ಬಂದ್ ಮಾಡಿದೆ.

ಹೋದ ಭಾನುವಾರ ಒಳಗಿನ ತಂಬಾಕಿನ ಧೂಳು ಹೊಡೆಯಲು ಬ್ರಶ್ ತಂದಿಟ್ಟುಕೊಂಡಿದ್ದೆ. ಹೊಡೆಯಲಿಲ್ಲ. ಬೇಕಾದವರನ್ನು ಹುಡುಕಿ ಅಂತ ಹೇಳಿಟ್ಟಿದ್ದ ಇರ್ಫಾನ್ ಭಾಯ್‌ಗೆ ಫೋನ್ ಮಾಡಿ ಸಾಮಾನು ಯಾರಿಗೂ ಕೊಡುವುದಿಲ್ಲ ಅಂತ ಹೇಳಿದೆ, ಇದ್ದ ಮೂರು ಸ್ಕ್ರೂ ತಿರುಗಿಸಿ ತಗಡು ಮುಚ್ಚಿದೆ.